ಹಂಚಿಕೊಳ್ಳಬೇಕಾದ್ದು ಯಾವುದು? ಸರ್ವರಿನ ಸೆಟ್ಟಿಂಗ್‌ಗಳ ಒಂದು ಸಮೀಕ್ಷೆ

2022ರ ಜುಲೈ 18ರಂದು ದೇಶದ ಅಕ್ಕಿ ವಹಿವಾಟಿಗೆ ಹೊಸ ಲೆಕ್ಕವೊಂದು ಸೇರಿಕೊಂಡಿತು. ಅಲ್ಲಿಯವರೆಗೆ ಮುಖ್ಯವಾಗಿ ನೋಂದಾಯಿತ ಬ್ರ್ಯಾಂಡಿನ ಅಕ್ಕಿಗಿದ್ದ ಶೇ 5ರ ಜಿಎಸ್‌ಟಿ ಆ ದಿನದಿಂದ 25 ಕೆ.ಜಿ.ವರೆಗಿನ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಚೀಲಗಳಿಗೆಲ್ಲ ಅನ್ವಯವಾಯಿತು. ಅದರ ಬೆನ್ನಿಗೇ 26 ಕೆ.ಜಿ. ಚೀಲಗಳು ಮಾರುಕಟ್ಟೆಗೆ ಬಂದವು. ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದ ಯಾವುದೋ ಒಂದು ರೈಸ್ ಮಿಲ್ಲಿನ ಕಂಪ್ಯೂಟರ್ ವ್ಯವಸ್ಥೆಯನ್ನು ಊಹಿಸಿಕೊಳ್ಳಿ. ಅಲ್ಲಿ ಚೀಲದ ತೂಕ 25, ತೆರಿಗೆಯ ಗಡಿಯೂ 25. ಎರಡೂ ಒಂದೇ ಅಂಕಿಯಲ್ಲವೇ ಎಂದು ಪ್ರೋಗ್ರಾಮರ್ ಅದನ್ನು ಒಂದೇ ಹೆಸರಿನಲ್ಲಿ ಒಂದೇ ಕಡೆ ಬರೆದಿಟ್ಟು, ಸ್ಟಾಕ್ ನೋಡುವ ಆ್ಯಪಿಗೂ ಬಿಲ್ ಮಾಡುವ ಆ್ಯಪಿಗೂ ಹಂಚಿದ್ದರೆ? ಚೀಲವನ್ನು 26ಕ್ಕೆ ಏರಿಸಿದ ಕೂಡಲೇ ತೆರಿಗೆಯ ಗಡಿಯೂ 26ಕ್ಕೆ ಏರುತ್ತದೆ. ತೆರಿಗೆ ಬೀಳಬಾರದ ಚೀಲಕ್ಕೆ ತೆರಿಗೆ ಬೀಳುತ್ತದೆ. ಕೋಡಿನಲ್ಲಿ ಒಂದು ಸಾಲೂ ಕೆಟ್ಟಿರುವುದಿಲ್ಲ, ಆದರೆ ಬಿಲ್ಲುಗಳೆಲ್ಲ ಕೆಟ್ಟಿರುತ್ತವೆ.

ಒಂದೇ ಸರ್ವರಿನಲ್ಲಿ ಓಡುವ ಹಲವು ವೆಬ್ ಆ್ಯಪ್‌ಗಳ ನಡುವೆ ಸೆಟ್ಟಿಂಗ್‌ಗಳನ್ನು ಹಂಚುವುದು ಹೇಗೆ ಎಂಬುದು ವೆಬ್ಬಿನಷ್ಟೇ ಹಳೆಯ ಪ್ರಶ್ನೆ. ಅದಕ್ಕೆ ತಂತ್ರಜ್ಞಾನ ಕೊಟ್ಟ ಉತ್ತರಗಳು ಹತ್ತಾರಿವೆ. ಈ ಲೇಖನ ಅವುಗಳನ್ನು ಒಂದೊಂದಾಗಿ ನೋಡುತ್ತದೆ. ಎಲ್ಲವನ್ನೂ ಅಳೆಯಲು ಒಂದೇ ಅಳತೆಗೋಲನ್ನು ಬಳಸುತ್ತದೆ: ಒಂದೇ ಕಾರಣಕ್ಕೆ, ಒಂದೇ ಗಳಿಗೆಯಲ್ಲಿ, ಒಬ್ಬರೇ ಹೊಣೆಗಾರರ ಮಾತಿನ ಮೇಲೆ ಬದಲಾಗುವ ಮೌಲ್ಯಗಳು ಮಾತ್ರ ಒಂದೆಡೆ ಇರಬೇಕು. ಇಂದು ನೋಡಲು ಒಂದೇ ಥರ ಇವೆ ಎಂಬುದು ಹಂಚಿಕೊಳ್ಳಲು ಸಾಕಾಗುವ ಕಾರಣವಲ್ಲ.

ಸಣ್ಣ ಊರಿನ ದೊಡ್ಡ ಪ್ರಶ್ನೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿ ಸೀಮೆಗೆ ಭತ್ತವನ್ನು ತಂದಿತು, ಭತ್ತ ಮಿಲ್ಲುಗಳನ್ನು ತಂದಿತು. ಅಂಥ ಮಿಲ್ಲೊಂದಕ್ಕೆ ಇಂದು ಬೇಕಾಗುವ ಆ್ಯಪ್‌ಗಳನ್ನು ಎಣಿಸಿ ನೋಡಿ. ಲಾರಿ ತೂಗುವ ವೇಬ್ರಿಜ್‌ನ ಚೀಟಿಗೆ ಒಂದು, ಭತ್ತದ ಖರೀದಿ ಮತ್ತು ದಲಾಲಿ ಅಂಗಡಿಯ ಪಾವತಿಗೆ ಒಂದು, ಅಕ್ಕಿ, ನುಚ್ಚು, ತೌಡಿನ ದಾಸ್ತಾನಿಗೆ ಇನ್ನೊಂದು, ಜಿಎಸ್‌ಟಿ ಬಿಲ್ಲಿಗೆ ಮತ್ತೊಂದು, ಮಾಲೀಕರು ಮೊಬೈಲಿನಲ್ಲಿ ನೋಡುವ ದಿನದ ವರದಿಗೆ ಮಗದೊಂದು. ಇವನ್ನು ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಕೈಗಳು ಬರೆದಿರಬಹುದು, ಆದರೆ ಖರ್ಚಿನ ದೃಷ್ಟಿಯಿಂದ ಎಲ್ಲವೂ ಒಂದೇ ಸರ್ವರಿನಲ್ಲಿ ಕೂರುತ್ತವೆ. ಎಲ್ಲಕ್ಕೂ ಡೇಟಾಬೇಸಿನ ವಿಳಾಸ ಬೇಕು, ಮಿಲ್ಲಿನ ಜಿಎಸ್‌ಟಿ ಸಂಖ್ಯೆ ಬೇಕು, ರೈತರಿಗೆ ಎಸ್‌ಎಂಎಸ್ ಕಳಿಸುವ ಸೇವೆಯ ಕೀಲಿ ಬೇಕು.

ಪ್ರತಿ ಆ್ಯಪಿನೊಳಗೂ ಇದನ್ನೆಲ್ಲ ಪ್ರತ್ಯೇಕವಾಗಿ ಬರೆದರೆ ಡೇಟಾಬೇಸ್ ಬೇರೆ ಯಂತ್ರಕ್ಕೆ ಹೋದ ದಿನ ಐದು ಕಡೆ ತಿದ್ದಬೇಕು. ನಾಲ್ಕು ಕಡೆ ತಿದ್ದಿ ಒಂದನ್ನು ಮರೆತರೆ ಆ ಒಂದು ಆ್ಯಪ್ ಹಳೆಯ ಡೇಟಾಬೇಸಿಗೇ ಬರೆಯುತ್ತ ಹೋಗುತ್ತದೆ, ಯಾರ ಗಮನಕ್ಕೂ ಬಾರದೆ. ಹಂಚಿಕೆಯ ಆಸೆ ಹುಟ್ಟುವುದು ಈ ಭಯದಿಂದ. ಆ ಭಯ ನ್ಯಾಯವಾದದ್ದೇ. ಆದರೆ ಎಲ್ಲವನ್ನೂ ಒಂದೇ ಕಡೆ ಸುರಿದರೆ ಮೇಲೆ ಹೇಳಿದ 25ರ ತೊಂದರೆ ಬರುತ್ತದೆ. ಆದ್ದರಿಂದ ವಿಧಾನಗಳಿಗೆ ಹೋಗುವ ಮೊದಲು ಹಂಚುತ್ತಿರುವುದು ಏನನ್ನು ಎಂದು ವಿಂಗಡಿಸಿಕೊಳ್ಳಬೇಕು.

ನಾಲ್ಕು ಬಗೆಯ ಮೌಲ್ಯಗಳು

ಮೊದಲನೆಯದು ಜಾಗಕ್ಕೆ ಸಂಬಂಧಿಸಿದ ಮೌಲ್ಯಗಳು: ಡೇಟಾಬೇಸ್ ಇರುವ ಯಂತ್ರದ ವಿಳಾಸ, ಪೋರ್ಟ್ ಸಂಖ್ಯೆ, ಪಿಡಿಎಫ್ ಬಿಲ್ಲುಗಳನ್ನು ಇಡುವ ಫೋಲ್ಡರ್, ಸಮಯ ವಲಯ. ಇವು ಹಂಚಿಕೊಳ್ಳಲು ಹೇಳಿಮಾಡಿಸಿದವು. ಸಮಯ ವಲಯವನ್ನೇ ನೋಡಿ. ಕ್ಲೌಡ್ ಸರ್ವರುಗಳ ಗಡಿಯಾರ ಹೆಚ್ಚಾಗಿ ಯುಟಿಸಿಯಲ್ಲಿ ಇರುತ್ತದೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸುಗ್ಗಿಯಲ್ಲಿ ಲಾರಿಗಳು ರಾತ್ರಿಯಿಡೀ ಬರುತ್ತವೆ. ವೇಬ್ರಿಜ್ ಆ್ಯಪ್ ಭಾರತೀಯ ಸಮಯ ಹಿಡಿದು ಬಿಲ್ಲಿನ ಆ್ಯಪ್ ಯುಟಿಸಿ ಹಿಡಿದರೆ, ನಡುರಾತ್ರಿಯಿಂದ ಬೆಳಗಿನ ಐದೂವರೆಯವರೆಗೆ ತೂಗಿದ ಲಾರಿಗೆ ಚೀಟಿಯಲ್ಲಿ ಒಂದು ತಾರೀಖು, ಬಿಲ್ಲಿನಲ್ಲಿ ಹಿಂದಿನ ದಿನದ ತಾರೀಖು ಬೀಳುತ್ತದೆ. ಮಾರ್ಚ್ 31ರ ರಾತ್ರಿ ಹೀಗಾದರೆ ಬಿಲ್ಲು ಹಿಂದಿನ ಹಣಕಾಸು ವರ್ಷಕ್ಕೇ ಹೋಗಿ ಕೂರುತ್ತದೆ.

ಎರಡನೆಯದು ಗುಟ್ಟುಗಳು: ಪಾಸ್‌ವರ್ಡು, ಎಸ್‌ಎಂಎಸ್ ಕೀಲಿ, ಲಾಗಿನ್ ಕುಕಿಗೆ ಸಹಿ ಹಾಕುವ ಕೀಲಿ. ಒಮ್ಮೆ ಲಾಗಿನ್ ಆದವರು ಎಲ್ಲ ಆ್ಯಪ್‌ಗಳಲ್ಲೂ ಓಡಾಡಬೇಕಿದ್ದರೆ ಕುಕಿಯ ಕೀಲಿ ಎಲ್ಲ ಕಡೆ ಅಕ್ಷರಶಃ ಒಂದೇ ಆಗಿರಬೇಕು. ಬದಲಾದರೆ ಎಲ್ಲೆಡೆ ಒಟ್ಟಿಗೆ ಬದಲಾಗಬೇಕು. ಇದು ನಿಜವಾದ ಹಂಚಿಕೆ. ಡೇಟಾಬೇಸಿನ ಪಾಸ್‌ವರ್ಡ್ ಹಾಗಲ್ಲ. ಎಲ್ಲರೂ ಮೊದಲು ಹಂಚುವುದು ಅದನ್ನೇ, ಆದರೆ ಮೊದಲು ಬೇರ್ಪಡಿಸಬೇಕಾದ್ದೂ ಅದನ್ನೇ. ವೇಬ್ರಿಜ್ ಆ್ಯಪಿಗೆ ತೂಕ ಸೇರಿಸುವ ಹಕ್ಕು ಸಾಕು, ಮಾಲೀಕರ ವರದಿಗೆ ಓದುವ ಹಕ್ಕು ಸಾಕು. ಪ್ರತಿ ಆ್ಯಪಿಗೂ ಅದರದೇ ಡೇಟಾಬೇಸ್ ಬಳಕೆದಾರ ಹೆಸರು, ಅದರದೇ ಪಾಸ್‌ವರ್ಡ್ ಕೊಟ್ಟರೆ ಒಂದರ ಬಾಗಿಲು ಮುರಿದವನಿಗೆ ಉಳಿದವು ತೆರೆಯುವುದಿಲ್ಲ. ವಿಳಾಸ ಹಂಚಿ, ಬೀಗದ ಕೈ ಹಂಚಬೇಡಿ.

ಮೂರನೆಯದು ವ್ಯವಹಾರದ ನಿಯಮಗಳು: ತೆರಿಗೆ ದರ, ಬೆಂಬಲ ಬೆಲೆ, ಮಿತಿಗಳು. ಸಾಮಾನ್ಯ ಭತ್ತಕ್ಕೆ ಕೇಂದ್ರದ ಬೆಂಬಲ ಬೆಲೆ 2024-25ರಲ್ಲಿ ಕ್ವಿಂಟಲಿಗೆ 2,300 ರೂಪಾಯಿ, 2025-26ರಲ್ಲಿ 2,369 ರೂಪಾಯಿ. ಇ-ಇನ್‌ವಾಯ್ಸ್ ಕಡ್ಡಾಯವಾಗುವ ವಾರ್ಷಿಕ ವಹಿವಾಟಿನ ಮಿತಿ 2020ರ ಅಕ್ಟೋಬರಿನಲ್ಲಿ 500 ಕೋಟಿ ಇದ್ದದ್ದು 2021ರ ಜನವರಿಯಲ್ಲಿ 100 ಕೋಟಿ, ಅದೇ ವರ್ಷದ ಏಪ್ರಿಲ್‌ನಲ್ಲಿ 50 ಕೋಟಿ, 2022ರ ಏಪ್ರಿಲ್‌ನಲ್ಲಿ 20 ಕೋಟಿ, ಅಕ್ಟೋಬರಿನಲ್ಲಿ 10 ಕೋಟಿ, 2023ರ ಆಗಸ್ಟ್‌ನಲ್ಲಿ 5 ಕೋಟಿಗೆ ಇಳಿಯಿತು. ಇಂಥವನ್ನು ಸೆಟ್ಟಿಂಗ್ ಫೈಲಿನಲ್ಲಿ ಇಡುವುದೇ ತಪ್ಪು. ಏಕೆಂದರೆ ಹೊಸ ಮೌಲ್ಯ ಬಂದ ಮೇಲೂ ಹಳೆಯದು ಸಾಯುವುದಿಲ್ಲ. ಜುಲೈ 10ರ ಬಿಲ್ಲನ್ನು ಆಗಸ್ಟ್‌ನಲ್ಲಿ ಮತ್ತೆ ತೆಗೆದರೆ ಜುಲೈ 10ರ ನಿಯಮವೇ ಸಿಗಬೇಕು. ಆದ್ದರಿಂದ ಇವಕ್ಕೆ ಡೇಟಾಬೇಸಿನಲ್ಲಿ ಒಂದು ಕೋಷ್ಟಕ ಬೇಕು. ಅದರಲ್ಲಿ ಮೌಲ್ಯ, ಜಾರಿಗೆ ಬಂದ ದಿನ ಮತ್ತು ಅಳತೆ ಇರಬೇಕು. ಅಳತೆಯನ್ನು ಬರೆಯುವುದು ಈ ಸೀಮೆಯಲ್ಲಿ ಇನ್ನೂ ಮುಖ್ಯ. ಸರ್ಕಾರದ ಬೆಲೆ ಕ್ವಿಂಟಲಿಗೆ, ಗಂಗಾವತಿ ಕಡೆಯ ವ್ಯಾಪಾರದ ಮಾತು 75 ಕೆ.ಜಿ. ಚೀಲಕ್ಕೆ. ಬರೀ 'ಭತ್ತದ ದರ' ಎಂಬ ಹೆಸರಿನಲ್ಲಿ 2,300 ಎಂದು ಹಂಚಿದರೆ, ಚೀಲದ ಲೆಕ್ಕದ ಆ್ಯಪಿಗೆ ಬೇಕಿದ್ದ 1,725ರ ಜಾಗದಲ್ಲಿ 2,300 ಹೋಗಿ ಕೂರುತ್ತದೆ.

ನಾಲ್ಕನೆಯದು ಪಟ್ಟಿಗಳು. ಕೊಪ್ಪಳ ಜಿಲ್ಲೆಯೆಂದರೆ ಬಹುಕಾಲ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು. 2018ರಲ್ಲಿ ಕಾರಟಗಿ, ಕನಕಗಿರಿ, ಕುಕನೂರು ಸೇರಿ ಏಳಾದವು. ಮರುವರ್ಷ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಕಲ್ಯಾಣ ಕರ್ನಾಟಕವಾಯಿತು. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಗಿತ್ತು. ಪ್ರತಿ ಆ್ಯಪಿನೊಳಗೆ ತಾಲ್ಲೂಕುಗಳ ಪಟ್ಟಿಯನ್ನು ಕೈಯಿಂದ ಬರೆದಿಟ್ಟವರಿಗೆ ಇವೆಲ್ಲ ಒಂದೊಂದು ಕಂಟಕ. ಒಂದು ಆ್ಯಪ್ ಕಾರಟಗಿಯನ್ನು ಹಳ್ಳಿಯೆಂದು ಗಂಗಾವತಿಯೊಳಗೆ ತೋರಿಸುತ್ತದೆ, ಇನ್ನೊಂದು ತಾಲ್ಲೂಕೆನ್ನುತ್ತದೆ. ಇದಕ್ಕೂ ಸೆಟ್ಟಿಂಗ್ ಫೈಲು ಉತ್ತರವಲ್ಲ. ಎಲ್ಲ ಆ್ಯಪ್‌ಗಳೂ ಓದುವ ಒಂದು ಕೋಷ್ಟಕ, ಹೆಸರಿನ ಬದಲು ಸಂಕೇತ ಸಂಖ್ಯೆಯ ಮೇಲೆ ನಿಂತ ಕೋಷ್ಟಕ ಬೇಕು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಜಿಲ್ಲೆಯಿಂದ ಗ್ರಾಮದವರೆಗೆ ಅಂಥ ಸಂಕೇತಗಳನ್ನು ಕೊಡುತ್ತದೆ.

ಹೀಗೆ ವಿಂಗಡಿಸಿದ ಮೇಲೆ ಸರ್ವರಿನ ಸೆಟ್ಟಿಂಗಾಗಿ ಉಳಿಯುವುದು ಜಾಗದ ಮೌಲ್ಯಗಳು ಮತ್ತು ಗುಟ್ಟುಗಳು ಮಾತ್ರ. ಮುಂದಿನ ವಿಧಾನಗಳನ್ನು ಇವೆರಡಕ್ಕಾಗಿ ತೂಗಬೇಕು.

ಎನ್ವಿರಾನ್‌ಮೆಂಟ್ ವೇರಿಯಬಲ್: ಹಳೆಯ, ಗಟ್ಟಿಯಾದ ದಾರಿ

1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿ ಬಂದ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಇಂದಿಗೂ ಬಳಕೆಯಲ್ಲಿವೆ. ಒಂದು ಪ್ರೋಗ್ರಾಮ್ ಇನ್ನೊಂದನ್ನು ಹುಟ್ಟಿಸುವಾಗ ತನ್ನಲ್ಲಿರುವ ಹೆಸರು-ಮೌಲ್ಯಗಳ ಒಂದು ಪ್ರತಿಯನ್ನು ಅದರ ಕೈಗೆ ಕೊಡುತ್ತದೆ. ಕೊಡುವುದು ಪ್ರತಿಯನ್ನು ಎಂಬುದನ್ನು ನೆನಪಿಡಬೇಕು. ಆಮೇಲೆ ತಾಯಿ ಪ್ರೋಗ್ರಾಮಿನಲ್ಲಿ ಏನೇ ಬದಲಾದರೂ ಮಗುವಿಗೆ ತಿಳಿಯುವುದಿಲ್ಲ. ಸರ್ವರಿನಲ್ಲಿ ವೇರಿಯಬಲ್ ಬದಲಿಸಿದ ಮೇಲೂ ಆ್ಯಪ್ ಹಳೆಯ ಮೌಲ್ಯವನ್ನೇ ತೋರಿಸುತ್ತದೆ ಎಂಬ ದೂರಿಗೆ ಮೂಲ ಇದು. ಆ್ಯಪನ್ನು ನಿಲ್ಲಿಸಿ ಮತ್ತೆ ಶುರು ಮಾಡಲೇಬೇಕು.

ಲಿನಕ್ಸ್ ಸರ್ವರಿನಲ್ಲಿ ಆ್ಯಪ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ಇದ್ದರೆ ಒಂದು ಸಾಮಾನ್ಯ ಫೈಲು ಬರೆದು, ಪ್ರತಿ ಆ್ಯಪಿನ ಸರ್ವಿಸ್ ಕಡತದಲ್ಲಿ ಎನ್ವಿರಾನ್‌ಮೆಂಟ್‌ಫೈಲ್ ಎಂಬ ಸಾಲಿನಿಂದ ಅದನ್ನು ಓದಿಸಬಹುದು. ಅದರ ಕೆಳಗೆ ಆ ಆ್ಯಪಿನದೇ ಎರಡನೆಯ ಫೈಲನ್ನೂ ಓದಿಸಬಹುದು. ಒಂದೇ ಹೆಸರು ಎರಡರಲ್ಲೂ ಇದ್ದರೆ ನಂತರ ಓದಿದ್ದು ನಿಲ್ಲುತ್ತದೆ. ಒಂದೇ ಸರ್ವರಿನ ಮಟ್ಟಿಗೆ ಸಾಮಾನ್ಯವಾದದ್ದು ಮೇಲೆ, ವಿಶೇಷವಾದದ್ದು ಕೆಳಗೆ ಎಂಬ ಈ ಎರಡು ಹಂತದ ಜೋಡಣೆಗಿಂತ ಸರಳವಾದದ್ದು ಸಿಗುವುದು ಕಷ್ಟ.

ಪಿಎಚ್‌ಪಿ ಬಳಸುವವರು ಒಂದು ಮಾತು ತಿಳಿದಿರಬೇಕು. ಪಿಎಚ್‌ಪಿ-ಎಫ್‌ಪಿಎಂ ತಾನಾಗಿ ಹೊರಗಿನ ವೇರಿಯಬಲ್‌ಗಳನ್ನೆಲ್ಲ ಅಳಿಸಿ ಆ್ಯಪಿಗೆ ಖಾಲಿ ಪರಿಸರ ಕೊಡುತ್ತದೆ. ಬೇಕಾದ್ದನ್ನು ಪೂಲ್ ಕಡತದಲ್ಲಿ ಹೆಸರಿಸಿ ಒಳಗೆ ಬಿಡಬೇಕು. ಅಪಾಚೆಯಲ್ಲಿ ಸೆಟ್‌ಎನ್ವ್, ಎಂಜಿನ್‌ಎಕ್ಸ್‌ನಲ್ಲಿ ಫಾಸ್ಟ್‌ಸಿಜಿಐ ಪ್ಯಾರಾಮ್ ಸಾಲುಗಳು ಇದೇ ಕೆಲಸ ಮಾಡುತ್ತವೆ.

ಈ ದಾರಿಗೆ ಎರಡು ಮಿತಿಗಳಿವೆ. ಒಂದು, ಎಲ್ಲವೂ ಬರೀ ಅಕ್ಷರ. 'ಫಾಲ್ಸ್' ಎಂದು ಬರೆದರೆ ಅದು ಐದಕ್ಷರದ ಇಂಗ್ಲಿಷ್ ಪದವೇ ಹೊರತು ಸುಳ್ಳು ಎಂಬ ತರ್ಕಮೌಲ್ಯವಲ್ಲ. ಪೈಥಾನ್, ಜಾವಾಸ್ಕ್ರಿಪ್ಟ್, ಪಿಎಚ್‌ಪಿ ಮೂರರಲ್ಲೂ ಖಾಲಿಯಲ್ಲದ ಆ ಪದ ನಿಜವೆಂದೇ ಎಣಿಕೆಯಾಗುತ್ತದೆ. ಪರೀಕ್ಷಾ ಸ್ಥಿತಿ ಬೇಡವೆಂದು ಬರೆದ ಸಾಲು ಪರೀಕ್ಷಾ ಸ್ಥಿತಿಯನ್ನೇ ಚಾಲೂ ಮಾಡಿಬಿಡಬಹುದು. ಎರಡು, ಗುಟ್ಟು ಇಲ್ಲಿ ಪೂರ್ತಿ ಗುಟ್ಟಾಗಿರುವುದಿಲ್ಲ. ಲಿನಕ್ಸ್‌ನಲ್ಲಿ ಒಂದೇ ಬಳಕೆದಾರ ಹೆಸರಿನಲ್ಲಿ ಓಡುವ ಆ್ಯಪ್‌ಗಳು ಒಂದರ ಪರಿಸರವನ್ನು ಇನ್ನೊಂದು ಓದಬಹುದು. ಪಿಎಚ್‌ಪಿಯ ಮಾಹಿತಿ ಪುಟವನ್ನು ಪರೀಕ್ಷೆಗೆಂದು ತೆರೆದು ಹಾಗೆಯೇ ಬಿಟ್ಟರೆ ಆ ಪುಟದಲ್ಲೇ ಪಾಸ್‌ವರ್ಡು ಕಾಣಿಸಬಹುದು. ಆ್ಯಪಿಗೊಂದು ಬಳಕೆದಾರ ಹೆಸರು ಎಂಬ ಶಿಸ್ತು ಇಲ್ಲಿ ಉಳಿಸುತ್ತದೆ.

ಫೈಲುಗಳ ಮೆಟ್ಟಿಲು

ಮೈಕ್ರೊಸಾಫ್ಟ್ ದಾರಿಯಲ್ಲಿ ಹಂಚಿಕೆಗೆ ಮೊದಲಿನಿಂದಲೂ ಒಂದು ವ್ಯವಸ್ಥಿತ ಮೆಟ್ಟಿಲಿದೆ. 2002ರಲ್ಲಿ ಡಾಟ್‌ನೆಟ್ ಬಂದಾಗಲೇ ಇಡೀ ಯಂತ್ರಕ್ಕೆ ಮಷೀನ್.ಕಾನ್ಫಿಗ್, ಪ್ರತಿ ಆ್ಯಪಿಗೆ ವೆಬ್.ಕಾನ್ಫಿಗ್ ಎಂಬ ಫೈಲುಗಳಿದ್ದವು. ಮೇಲಿನ ಮೆಟ್ಟಿಲಿನಲ್ಲಿ ಬರೆದದ್ದು ಕೆಳಗಿನ ಎಲ್ಲ ಆ್ಯಪ್‌ಗಳಿಗೂ ಇಳಿದುಬರುತ್ತದೆ, ಕೆಳಗಿನವರು ಬೇಕಾದರೆ ಅದನ್ನು ಬದಲಿಸಿಕೊಳ್ಳಬಹುದು. ಒಂದೇ ಸೈಟಿನ ಅಡಿಯಲ್ಲಿರುವ ಆ್ಯಪ್‌ಗಳಿಗೆ ಆ ಸೈಟಿನ ಬೇರು ಫೋಲ್ಡರಿನ ವೆಬ್.ಕಾನ್ಫಿಗ್ ಸಾಕು. ಮಷೀನ್.ಕಾನ್ಫಿಗ್ ಮುಟ್ಟುವುದು ಕೊನೆಯ ಉಪಾಯ, ಏಕೆಂದರೆ ಅಲ್ಲಿ ಒಂದು ಕೋನ ಚಿಹ್ನೆ ತಪ್ಪಿದರೂ ಯಂತ್ರದ ಮೇಲಿನ ಆ ಆವೃತ್ತಿಯ ಡಾಟ್‌ನೆಟ್ ಆ್ಯಪ್‌ಗಳೆಲ್ಲ ನಿಲ್ಲುತ್ತವೆ. ಸರ್ವರ್ ಬದಲಿಸಿದಾಗ ಆ್ಯಪಿನ ಫೋಲ್ಡರಿನ ಜೊತೆ ಆ ಫೈಲು ಬರುವುದೂ ಇಲ್ಲ.

ಇವೆರಡರ ನಡುವೆ ಒಂದು ಒಳ್ಳೆಯ ದಾರಿಯಿದೆ. ವೆಬ್.ಕಾನ್ಫಿಗ್‌ನ ಆ್ಯಪ್‌ಸೆಟ್ಟಿಂಗ್ಸ್ ವಿಭಾಗಕ್ಕೆ ಫೈಲ್ ಎಂಬ ಗುಣವನ್ನು ಸೇರಿಸಿ ಹೊರಗಿನ ಒಂದು ಫೈಲನ್ನು ತೋರಿಸಬಹುದು. ಆ ಫೈಲಿನ ಸಾಲುಗಳು ಆ್ಯಪಿನ ಸಾಲುಗಳ ಜೊತೆ ಬೆರೆಯುತ್ತವೆ. ಕಾನ್ಫಿಗ್‌ಸೋರ್ಸ್ ಎಂಬ ಇನ್ನೊಂದು ಗುಣ ಇಡೀ ವಿಭಾಗವನ್ನೇ ಹೊರಗಿನ ಫೈಲಿಗೆ ಒಪ್ಪಿಸುತ್ತದೆ, ಬೆರೆಸುವುದಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ: ವೆಬ್.ಕಾನ್ಫಿಗ್ ತಿದ್ದಿದ ಕೂಡಲೇ ಆ್ಯಪ್ ತಾನಾಗಿ ಮರುಶುರುವಾಗುತ್ತದೆ, ಆದರೆ ಫೈಲ್ ಗುಣದಿಂದ ಸೇರಿಸಿದ ಹೊರ ಫೈಲನ್ನು ತಿದ್ದಿದರೆ ಸಾಮಾನ್ಯವಾಗಿ ಮರುಶುರುವಾಗುವುದಿಲ್ಲ. ತಿದ್ದಿದವರು ಕೆಲಸ ಮುಗಿಯಿತೆಂದು ಹೋಗುತ್ತಾರೆ, ಹಳೆಯ ಮೌಲ್ಯ ಓಡುತ್ತಲೇ ಇರುತ್ತದೆ. 2016ರಲ್ಲಿ ಬಂದ ಎಎಸ್‌ಪಿ ಡಾಟ್‌ನೆಟ್ ಕೋರ್ ಈ ಮೆಟ್ಟಿಲನ್ನು ಬಿಟ್ಟು, ಜೇಸನ್ ಫೈಲು, ಎನ್ವಿರಾನ್‌ಮೆಂಟ್ ವೇರಿಯಬಲ್ ಮುಂತಾದ ಮೂಲಗಳನ್ನು ಸಾಲಾಗಿ ಓದಿ ಕೊನೆಯದನ್ನು ಗೆಲ್ಲಿಸುವ ಸರಳ ನಿಯಮಕ್ಕೆ ಬಂದಿತು.

ಜಾವಾದ ಟಾಮ್‌ಕ್ಯಾಟ್‌ನಲ್ಲಿ ಸಾಮಾನ್ಯ ಸಂಪನ್ಮೂಲವನ್ನು ಸರ್ವರಿನ ಕಡತದಲ್ಲಿ ಒಮ್ಮೆ ಘೋಷಿಸಿ, ಬೇಕಾದ ಆ್ಯಪ್ ಮಾತ್ರ ಒಂದು ಕೊಂಡಿಯಿಂದ ಅದನ್ನು ಕೇಳಿ ಪಡೆಯುವ ಏರ್ಪಾಡಿದೆ. ಕೇಳಿದವರಿಗಷ್ಟೇ ಸಿಗುತ್ತದೆ ಎಂಬ ಈ ಗುಣ ತಾನಾಗಿ ಇಳಿದುಬರುವ ಗುಣಕ್ಕಿಂತ ಮೇಲು. ಯಾವ ಆ್ಯಪ್ ಯಾವ ಮೌಲ್ಯವನ್ನು ನೆಚ್ಚಿದೆ ಎಂಬುದು ಆ ಆ್ಯಪಿನ ಕಡತದಲ್ಲೇ ಬರೆದಿರುತ್ತದೆ.

ಫೈಲಿನ ಬರವಣಿಗೆಯಲ್ಲೂ ಎಚ್ಚರ ಬೇಕು. ಗಂಗಾವತಿಯ ಎಸ್‌ಟಿಡಿ ಸಂಕೇತ 08533. ಅದನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಜೇಸನ್ ಒಪ್ಪುವುದೇ ಇಲ್ಲ, ಏಕೆಂದರೆ ಅಲ್ಲಿ ಸಂಖ್ಯೆ ಸೊನ್ನೆಯಿಂದ ಶುರುವಾಗುವಂತಿಲ್ಲ. ಅಂಕಿಯಂತೆ ಕಾಣುವ ಎಲ್ಲವೂ ಸಂಖ್ಯೆಯಲ್ಲ.

ಹನ್ನೆರಡು ಸೂತ್ರಗಳು ಮತ್ತು ಚುಕ್ಕಿಯಿಂದ ಶುರುವಾಗುವ ಫೈಲು

2011ರಲ್ಲಿ ಹೆರೋಕು ಸಂಸ್ಥೆಯ ಆ್ಯಡಮ್ ವಿಗಿನ್ಸ್ ಬರೆದ 'ಟ್ವೆಲ್ವ್-ಫ್ಯಾಕ್ಟರ್ ಆ್ಯಪ್' ಈ ಚರ್ಚೆಯ ದಿಕ್ಕು ಬದಲಿಸಿತು. ಕೋಡಿನಿಂದ ಸೆಟ್ಟಿಂಗನ್ನು ಪೂರ್ತಿ ಬೇರ್ಪಡಿಸಬೇಕು ಎಂಬುದು ಅದರ ಒಂದು ಸೂತ್ರ. ಅದಕ್ಕೆ ಕೊಟ್ಟ ಪರೀಕ್ಷೆಯೂ ನೇರ: ಈ ಗಳಿಗೆಯಲ್ಲೇ ಕೋಡನ್ನು ಜಗತ್ತಿಗೆಲ್ಲ ತೆರೆದಿಟ್ಟರೆ ಯಾವುದಾದರೂ ಗುಟ್ಟು ಹೊರಬೀಳುತ್ತದೆಯೇ? ಬೀಳುವುದಾದರೆ ಬೇರ್ಪಡಿಸಿಲ್ಲವೆಂದೇ ಅರ್ಥ. ಅದರ ಇನ್ನೊಂದು ಮಾತನ್ನು ಹಲವರು ಮರೆಯುತ್ತಾರೆ. ವೇರಿಯಬಲ್‌ಗಳನ್ನು ಗುಂಪು ಕಟ್ಟಬಾರದು, ಪ್ರತಿಯೊಂದೂ ತನ್ನಷ್ಟಕ್ಕೆ ಸ್ವತಂತ್ರವಾಗಿ ಬದಲಾಗುವಂತಿರಬೇಕು ಎಂದು ಆ ಬರಹ ಹೇಳುತ್ತದೆ. ಹಂಚಿಕೆಯ ಆಸೆಗೆ ಇದು ಒಳ್ಳೆಯ ಕಡಿವಾಣ.

ಈ ಸೂತ್ರವನ್ನು ದಿನದ ಕೆಲಸಕ್ಕೆ ಇಳಿಸಿದ್ದು ಡಾಟ್-ಎನ್ವ್ ಎಂಬ ಫೈಲು. ರೂಬಿಯಲ್ಲಿ ಜನಪ್ರಿಯವಾಗಿ, ಆಮೇಲೆ ನೋಡ್, ಪಿಎಚ್‌ಪಿ, ಪೈಥಾನ್ ಎಲ್ಲಕ್ಕೂ ಹಬ್ಬಿತು. ಬಳಸಲು ಸುಲಭ, ಅದಕ್ಕೇ ಅಪಾಯವೂ ಹೆಚ್ಚು. ಆ ಫೈಲು ಆ್ಯಪಿನ ಫೋಲ್ಡರಿನಲ್ಲೇ ಕೂರುತ್ತದೆ. ವೆಬ್ ಸರ್ವರ್ ಅದೇ ಫೋಲ್ಡರನ್ನು ಹೊರಜಗತ್ತಿಗೆ ತೋರಿಸುವಂತಿದ್ದರೆ ಯಾರು ಬೇಕಾದರೂ ಬ್ರೌಸರಿನಲ್ಲಿ ಅದರ ವಿಳಾಸ ಬಡಿದು ಪಾಸ್‌ವರ್ಡು ಓದಬಹುದು. ಹೀಗೆ ಬಯಲಾದ ಡಾಟ್-ಎನ್ವ್ ಫೈಲುಗಳನ್ನು ಹುಡುಕಿ ಕ್ಲೌಡ್ ಕೀಲಿಗಳನ್ನು ಕದ್ದು ಹಣಕ್ಕೆ ಬೆದರಿಸುವ ದೊಡ್ಡ ದಂಧೆಯೊಂದನ್ನು 2024ರ ಆಗಸ್ಟ್‌ನಲ್ಲಿ ಪಾಲೊ ಆಲ್ಟೊ ನೆಟ್‌ವರ್ಕ್ಸ್‌ನ ಭದ್ರತಾ ತಂಡ ಬಯಲಿಗೆಳೆಯಿತು. ಹಂಚಿದ ಫೈಲು ವೆಬ್ ಫೋಲ್ಡರಿನ ಹೊರಗಿರಬೇಕು, ಆ್ಯಪ್‌ಗಳ ಗುಂಪಿಗೆ ಓದುವ ಹಕ್ಕು ಮಾತ್ರ ಇರಬೇಕು, ಗಿಟ್‌ಗೆ ಎಂದೂ ಸೇರಬಾರದು. 2016ರಲ್ಲಿ ಊಬರ್‌ನ 5.7 ಕೋಟಿ ಬಳಕೆದಾರರ ಮತ್ತು ಚಾಲಕರ ಮಾಹಿತಿ ಕಳುವಾದದ್ದು ಗಿಟ್‌ಹಬ್‌ನ ಖಾಸಗಿ ಭಂಡಾರದಲ್ಲಿ ಉಳಿದಿದ್ದ ಕೀಲಿಯಿಂದ. ಖಾಸಗಿ ಭಂಡಾರವೂ ತಿಜೋರಿಯಲ್ಲ.

ಕೇಂದ್ರ ಭಂಡಾರಗಳು

ಸರ್ವರುಗಳು ಒಂದರಿಂದ ಹತ್ತಾದಾಗ ಫೈಲು ಸಾಲದು. ಯಾಹೂನಲ್ಲಿ ಹುಟ್ಟಿದ ಜೂಕೀಪರ್, 2013ರಲ್ಲಿ ಕೋರ್‌ಓಎಸ್ ತಂದ ಎಟ್‌ಸಿಡಿ, 2014ರ ಹಾಶಿಕಾರ್ಪ್‌ನ ಕಾನ್ಸಲ್ ಇವೆಲ್ಲ ಸೆಟ್ಟಿಂಗ್‌ಗಳನ್ನು ಜಾಲದ ಮೇಲೆ ಇಟ್ಟು, ಬದಲಾದ ಕೂಡಲೇ ಆ್ಯಪ್‌ಗಳಿಗೆ ತಿಳಿಸುವ ಭಂಡಾರಗಳು. 2015ರಲ್ಲಿ ಬಂದ ವಾಲ್ಟ್ ಗುಟ್ಟುಗಳಿಗೆಂದೇ ಮಾಡಿದ ತಿಜೋರಿ. ಯಾರು ಯಾವಾಗ ಯಾವ ಕೀಲಿ ಕೇಳಿದರೆಂಬ ದಾಖಲೆಯನ್ನೂ ಅದು ಇಡುತ್ತದೆ. ಹಲವು ಯಂತ್ರಗಳ ಮೇಲೆ ಆ್ಯಪ್‌ಗಳನ್ನು ಓಡಿಸುವ ಕುಬರ್ನೆಟೀಸ್‌ನಲ್ಲಿ ಕಾನ್ಫಿಗ್‌ಮ್ಯಾಪ್ ಮತ್ತು ಸೀಕ್ರೆಟ್ ಎಂಬ ಎರಡು ಪಾತ್ರೆಗಳಿವೆ. ಕಾನ್ಫಿಗ್‌ಮ್ಯಾಪನ್ನು ಫೈಲಾಗಿ ಜೋಡಿಸಿದರೆ ಬದಲಾವಣೆ ತುಸು ಹೊತ್ತಿನಲ್ಲಿ ಒಳಗೆ ಕಾಣುತ್ತದೆ, ವೇರಿಯಬಲ್ಲಾಗಿ ಕೊಟ್ಟರೆ ಮರುಶುರು ಮಾಡುವವರೆಗೆ ಕಾಣುವುದಿಲ್ಲ. ಪ್ರತಿಯನ್ನಷ್ಟೇ ಕೊಡುವ 1979ರ ನಿಯಮ ಇಲ್ಲೂ ನಡೆಯುತ್ತದೆ. ಸೀಕ್ರೆಟ್ ಎಂಬ ಹೆಸರನ್ನು ನಂಬಿ ಮೋಸ ಹೋಗಬಾರದು. ಅದರಲ್ಲಿ ಕಾಣುವ ಬೇಸ್64 ಬರಹ ಗೂಢಲಿಪಿಯಲ್ಲ, ಯಾರು ಬೇಕಾದರೂ ಬಿಚ್ಚಬಹುದಾದ ಬರಹ.

ಭಂಡಾರ ಒಂದೇ ಆದಾಗ ಅದು ಮುರಿದರೆ ಏನು ಎಂಬ ಪ್ರಶ್ನೆ ಏಳುತ್ತದೆ. ಈ ಸೀಮೆಯವರಿಗೆ ಅದನ್ನು ವಿವರಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಗೇಟಿನ ಜಾಗ ಮುಚ್ಚುವ ತಾತ್ಕಾಲಿಕ ಸ್ಟಾಪ್‌ಲಾಗ್ ತಯಾರಿಸಿ ಹರಿವ ನೀರಿನಲ್ಲೇ ಕೂರಿಸಲು ಸುಮಾರು ಒಂದು ವಾರ ಹಿಡಿಯಿತು. ಕೇಂದ್ರ ಭಂಡಾರ ಇಡುವವರಿಗೂ ಇಂಥ ಸ್ಟಾಪ್‌ಲಾಗ್ ಮೊದಲೇ ಸಿದ್ಧವಿರಬೇಕು: ಕೊನೆಯ ಸಲ ಸರಿಯಾಗಿ ಸಿಕ್ಕ ಸೆಟ್ಟಿಂಗ್‌ಗಳ ಒಂದು ಪ್ರತಿ ಪ್ರತಿ ಆ್ಯಪಿನ ಬಳಿ ಇರಬೇಕು, ಭಂಡಾರ ಉತ್ತರ ಕೊಡದಿದ್ದರೆ ಅದರ ಮೇಲೆ ಆ್ಯಪ್ ನಡೆಯಬೇಕು. ಒಂದೇ ಸರ್ವರಿನ ಮಿಲ್ಲಿಗೆ ಇಷ್ಟು ದೊಡ್ಡ ಭಂಡಾರದ ಹಂಗು ಬೇಡವೇ ಬೇಡ. ಅದನ್ನು ನೋಡಿಕೊಳ್ಳಲು ಬೇಕಾದ ಜನ ಅಲ್ಲಿರುವುದಿಲ್ಲ.

ಬದಲಾವಣೆಯ ಗಳಿಗೆ

ಸೆಟ್ಟಿಂಗ್‌ಗಳಿಂದ ಆದ ಕೆಲವು ದೊಡ್ಡ ಹಾನಿಗಳು ಬದಲಾವಣೆಯ ಗಳಿಗೆಯಲ್ಲೇ ಆದವು. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟಿನ ಸಂಸ್ಥೆ ನೈಟ್ ಕ್ಯಾಪಿಟಲ್ ಹೊಸ ಕೋಡಿಗೆ ಹಳೆಯದೊಂದು ಸೂಚಕವನ್ನೇ ಮರುಬಳಕೆ ಮಾಡಿತು. ಎಂಟು ಸರ್ವರುಗಳಲ್ಲಿ ಏಳಕ್ಕೆ ಹೊಸ ಕೋಡ್ ಹೋಗಿತ್ತು, ಒಂದಕ್ಕೆ ಹೋಗಿರಲಿಲ್ಲ. ಆ ಒಂದರಲ್ಲಿ ಅದೇ ಸೂಚಕ ಎಂದೋ ಬಳಕೆ ತಪ್ಪಿದ್ದ ಕೋಡನ್ನು ಎಬ್ಬಿಸಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು. ಒಂದೇ ಹೆಸರು, ಎರಡು ಅರ್ಥ: ಚೀಲದ 25ಕ್ಕೂ ಈ ಸೂಚಕಕ್ಕೂ ಇರುವ ದೋಷ ಒಂದೇ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಸುಮಾರು ಆರು ಗಂಟೆ ನಿಂತದ್ದು ಬೆನ್ನೆಲುಬು ಜಾಲಕ್ಕೆ ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ. ತಪ್ಪನ್ನು ಸರಿಪಡಿಸಲು ಬೇಕಾದ ಒಳಗಿನ ಸಾಧನಗಳೂ ಅದೇ ಜಾಲವನ್ನು ನೆಚ್ಚಿದ್ದವು.

ಸಣ್ಣ ಸರ್ವರಿಗೆ ಇದರಿಂದ ಸಿಗುವ ಪಾಠಗಳು ಕೈಗೆಟುಕುವಂಥವು. ಹಂಚಿದ ಫೈಲನ್ನು ನೇರವಾಗಿ ತಿದ್ದಬಾರದು. ಪಕ್ಕದಲ್ಲಿ ಹೊಸ ಫೈಲು ಬರೆದು, ತಪ್ಪಿಲ್ಲವೆಂದು ಪರೀಕ್ಷಿಸಿ, ಒಂದೇ ಏಟಿಗೆ ಹೆಸರು ಬದಲಿಸಬೇಕು. ಲಿನಕ್ಸ್‌ನಲ್ಲಿ ಒಂದೇ ಫೈಲ್ ಸಿಸ್ಟಮ್ಮಿನೊಳಗೆ ಹೆಸರು ಬದಲಿಸುವ ಕೆಲಸ ಅರ್ಧಕ್ಕೆ ನಿಲ್ಲುವುದಿಲ್ಲ, ಆದ್ದರಿಂದ ಅರ್ಧ ಬರೆದ ಫೈಲನ್ನು ಯಾವ ಆ್ಯಪೂ ಓದುವುದಿಲ್ಲ. ಆ್ಯಪ್ ಶುರುವಾಗುವಾಗಲೇ ತನಗೆ ಬೇಕಾದ ಪ್ರತಿ ಮೌಲ್ಯವೂ ಇದೆಯೇ, ಸರಿಯಾದ ರೂಪದಲ್ಲಿದೆಯೇ ಎಂದು ನೋಡಿ, ಇಲ್ಲದಿದ್ದರೆ ಶುರುವಾಗದೆ ನಿಲ್ಲಬೇಕು. ತಪ್ಪು ಲೆಕ್ಕ ಬರೆಯುತ್ತ ಓಡುವ ಆ್ಯಪಿಗಿಂತ ಕಾರಣ ಹೇಳಿ ನಿಂತ ಆ್ಯಪ್ ಎಷ್ಟೋ ವಾಸಿ.

ರಾಜ್ಯದ ಅನುಭವ ಹೇಳುವುದು

ಹಂಚಿಕೆಯ ಪ್ರಶ್ನೆಯನ್ನು ಕರ್ನಾಟಕ ಸರ್ಕಾರ ಇನ್ನೂ ದೊಡ್ಡ ಪ್ರಮಾಣದಲ್ಲಿ ಎದುರಿಸಿದೆ. ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಬಂದ ಭೂಮಿ ಯೋಜನೆ 2002ರ ಹೊತ್ತಿಗೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತ್ತು. 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯಲ್ಲಿ ಪಹಣಿ ಪಡೆಯುವಂತಾಯಿತು. ಆರಂಭದಲ್ಲಿ ದಾಖಲೆಗಳು ತಾಲ್ಲೂಕುಗಳ ಕಂಪ್ಯೂಟರುಗಳಲ್ಲಿದ್ದವು, ಆಮೇಲೆ ಒಂದೆಡೆ ಸೇರಿದವು. ನೋಂದಣಿ ಇಲಾಖೆಯ ಕಾವೇರಿ ವ್ಯವಸ್ಥೆ ಭೂಮಿಯೊಡನೆ ಬೆಸೆದುಕೊಂಡದ್ದರಿಂದ ಜಮೀನಿನ ಕ್ರಯ ನೋಂದಣಿಯಾದ ಸುದ್ದಿ ಖಾತೆ ಬದಲಾವಣೆಗೆ ಹೋಗುತ್ತದೆ. ರೈತರ ನೋಂದಣಿಯ ಫ್ರೂಟ್ಸ್ ವ್ಯವಸ್ಥೆ ಪ್ರತಿ ರೈತರಿಗೂ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಬೆಂಬಲ ಬೆಲೆಗೆ ಭತ್ತ ಮಾರುವಾಗ ಅದೇ ಸಂಖ್ಯೆ ಬೇಕು, ಇಲಾಖೆಗಳ ಸೌಲಭ್ಯಕ್ಕೂ ಅದೇ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ರೈತರ ವಿವರವನ್ನು ಪ್ರತಿ ಇಲಾಖೆಯ ಆ್ಯಪಿಗೂ ನಕಲು ಮಾಡಿ ಹಂಚುವುದಕ್ಕಿಂತ ಒಂದು ಸಂಖ್ಯೆಯನ್ನು ಹಂಚಿ, ವಿವರವನ್ನು ಅದರ ಒಡೆಯನ ಬಳಿ ಕೇಳುವುದು ಮೇಲು. ಜಮೀನಿನ ಮಾತಿಗೆ ಭೂಮಿ ಒಡೆಯ, ನೋಂದಣಿಯ ಮಾತಿಗೆ ಕಾವೇರಿ, ರೈತರ ಗುರುತಿಗೆ ಫ್ರೂಟ್ಸ್. ಒಡೆತನ ಸ್ಪಷ್ಟವಾಗಿದ್ದರೆ ಹಂಚಿಕೆ ತಾನಾಗಿ ಸರಳವಾಗುತ್ತದೆ. ಐದು ಆ್ಯಪ್‌ಗಳ ಮಿಲ್ಲಿಗೂ ಈ ತತ್ತ್ವವೇ ಸಾಕು: ತೂಕದ ಮಾತಿಗೆ ವೇಬ್ರಿಜ್ ಆ್ಯಪ್ ಒಡೆಯ, ತೆರಿಗೆಯ ಮಾತಿಗೆ ಬಿಲ್ಲಿನ ಆ್ಯಪ್. ಉಳಿದವರು ಕೇಳಿ ಪಡೆಯಲಿ.

ಒಂದೇ ಸರ್ವರಿನವರಿಗೆ

ಸಮೀಕ್ಷೆಯ ಸಾರವನ್ನು ಹೀಗೆ ಹೇಳಬಹುದು. ವೆಬ್ ಫೋಲ್ಡರಿನ ಹೊರಗೆ ಒಂದು ಸಾಮಾನ್ಯ ಫೈಲು, ಆ್ಯಪಿಗೊಂದರಂತೆ ಪ್ರತ್ಯೇಕ ಫೈಲು. ಸಾಮಾನ್ಯದಲ್ಲಿ ವಿಳಾಸ, ಸಮಯ ವಲಯ, ಕುಕಿಯ ಕೀಲಿಯಂಥ ಬೆರಳೆಣಿಕೆಯ ಸಾಲುಗಳು. ಪಾಸ್‌ವರ್ಡುಗಳು ಆಯಾ ಆ್ಯಪಿನ ಫೈಲಿನಲ್ಲಿ. ದರ ಮತ್ತು ಮಿತಿಗಳು ಜಾರಿಯ ದಿನದೊಡನೆ ಡೇಟಾಬೇಸಿನಲ್ಲಿ. ಊರು-ತಾಲ್ಲೂಕುಗಳು ಸಂಕೇತದೊಡನೆ ಕೋಷ್ಟಕದಲ್ಲಿ. ಪ್ರತಿ ಹೆಸರೂ ತನ್ನ ಕೆಲಸವನ್ನು ಪೂರ್ತಿ ಹೇಳಲಿ: 'ತೂಕ' ಎನ್ನುವ ಬದಲು 'ಚೀಲದ ತೂಕ, ಕೆ.ಜಿ.' ಮತ್ತು 'ತೆರಿಗೆ ಗಡಿ, ಕೆ.ಜಿ.' ಎಂದಿರಲಿ.

ಇದಕ್ಕೆಲ್ಲ ಮಿಗಿಲಾಗಿ ಒಂದು ನೋಂದಣಿ ಪುಸ್ತಕ ಬೇಕು. ಯಾವ ಮೌಲ್ಯ, ಎಲ್ಲಿದೆ, ಯಾವ ಆ್ಯಪ್‌ಗಳು ಓದುತ್ತವೆ, ಬದಲಿಸುವ ಹಕ್ಕು ಯಾರದು, ಬದಲಿಸಿದ ಮೇಲೆ ಯಾವುದನ್ನು ಮರುಶುರು ಮಾಡಬೇಕು ಎಂದು ಬರೆದಿಡುವ ಪುಸ್ತಕ. ಪಾಸ್‌ವರ್ಡನ್ನು ಅದರಲ್ಲಿ ಬರೆಯುವುದು ಬೇಡ, ಅದು ಎಲ್ಲಿದೆ ಎಂದಷ್ಟೇ ಸಾಕು. ಈ ಪುಸ್ತಕ ಕನ್ನಡದಲ್ಲಿರಲಿ. ಕೊಪ್ಪಳ, ಗಂಗಾವತಿಯ ಡಿಪ್ಲೊಮಾ ಮತ್ತು ಬಿಸಿಎ ವಿದ್ಯಾರ್ಥಿಗಳಿಗೆ ಇದನ್ನು ಬರೆಯುವುದನ್ನು ಮೊದಲ ಪ್ರಾಜೆಕ್ಟಿನಿಂದಲೇ ಕಲಿಸಲಿ. ಸಾಫ್ಟ್‌ವೇರ್ ಮಾಡಿಕೊಟ್ಟವರು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಕೂತಾಗ, ಸುಗ್ಗಿಯ ನಡುರಾತ್ರಿಯಲ್ಲಿ ಲಾರಿಗಳ ಸಾಲಿನ ಮುಂದೆ ಕೂತಿರುವವರು ಮಿಲ್ಲಿನ ಗುಮಾಸ್ತರು. ಅವರಿಗೆ ಓದಲು ಬಾರದ ಸೆಟ್ಟಿಂಗನ್ನು ಎಷ್ಟು ಆ್ಯಪ್‌ಗಳಿಗೆ ಹಂಚಿದರೂ ಮಿಲ್ಲಿನ ಜನರೊಡನೆ ಹಂಚಿಕೊಂಡಂತಾಗುವುದಿಲ್ಲ.